ಕಂಪನಿ ಹೇಳಿದ್ದು ಎಂಟು, ಕೂತದ್ದು ಹದಿನಾರು

ಹಳೇ ಲ್ಯಾಪ್‌ಟಾಪಿಗೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಮೆಮೊರಿ ಹಾಕಿ ಗೆದ್ದ ಮನುಷ್ಯನ ಮುಖವನ್ನು ನೀವು ಒಮ್ಮೆಯಾದರೂ ನೋಡಬೇಕು. ಆ ಕಳೆಯೇ ಬೇರೆ. ನಮ್ಮ ಷಡ್ಡಕರು ಆ ಪೈಕಿ. ಅವರ ಹತ್ತಿರ 2011ರ ಥಿಂಕ್‌ಪ್ಯಾಡ್ ಎಕ್ಸ್220 ಇದೆ. ಯಾರ ಮನೆಗೆ ಹೋಗಲಿ, ಗೃಹಪ್ರವೇಶವೋ ನಾಮಕರಣವೋ ಯಾವುದಾದರೂ ಇರಲಿ, ಕಾಫಿ ಬರುವುದರೊಳಗೆ ಮಾತನ್ನು ಅಲ್ಲಿಗೆ ತಂದಿರುತ್ತಾರೆ. "ಲೆನೊವೊದವನು 8 ಜಿ.ಬಿ. ಅಷ್ಟೇ ಅಂತ ಬರೆದಿದ್ದ. ನಾನು 16 ಹಾಕಿದೀನಿ. ಓಡ್ತಾ ಇದೆ." ಇಷ್ಟು ಹೇಳಿ ಸುಮ್ಮನಾಗುತ್ತಾರೆ. ಆ ಹೊತ್ತಿನಲ್ಲಿ ಎದುರಿಗಿರುವವರು ಬೆರಗಾಗಬೇಕು ಎಂಬುದು ನಿಯಮ. ನಮ್ಮ ಅತ್ತೆಯವರಿಗೆ ಈ ನಿಯಮ ಗೊತ್ತಿರಲಿಲ್ಲ. "ಅಷ್ಟೊಂದು ಹಾಕ್ಕೊಂಡು ಏನು ಮಾಡ್ತೀರಿ ಅಳಿಯಂದ್ರೇ?" ಎಂದು ಕೇಳಿಬಿಟ್ಟರು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಷಡ್ಡಕರನ್ನು ಎಷ್ಟೇ ಆಡಿಕೊಂಡರೂ, ಅವರ ಮಾತಿನಲ್ಲಿ ಸುಳ್ಳಿಲ್ಲ ಎಂಬುದನ್ನು ಒಪ್ಪಲೇಬೇಕು. ಎಕ್ಸ್220 ಬಂದಾಗ ಲೆನೊವೊ ಅದರ ವಿವರದ ಹಾಳೆಯಲ್ಲಿ ಗರಿಷ್ಠ 8 ಜಿ.ಬಿ. ಎಂದೇ ಬರೆದಿತ್ತು. ಅದೇ ಯಂತ್ರದ ಒಳಗೆ ಕೂತಿರುವ ಕೋರ್ ಐ5-2520ಎಂ ಪ್ರೊಸೆಸರಿನ ಬಗ್ಗೆ ಇಂಟೆಲ್‌ನ ವಿವರ ನೋಡಿದರೆ 16 ಜಿ.ಬಿ. ಎಂದಿದೆ. ಯಂತ್ರ ಒಂದೇ, ಹಿರಿಯರು ಇಬ್ಬರು, ಮಾತು ಎರಡು. ಲೆಕ್ಕ ಇಷ್ಟೇ: ಸ್ಲಾಟು ಎರಡು. ಆ ಯಂತ್ರ ಮಾರುಕಟ್ಟೆಗೆ ಬಂದ ಹೊತ್ತಿಗೆ ಲ್ಯಾಪ್‌ಟಾಪಿಗೆ ಕೂರುವ ರ‍್ಯಾಮ್ ಪಟ್ಟಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ದೊಡ್ಡದು 4 ಜಿ.ಬಿ.ಯದು. ನಾಲ್ಕೆರಡಲಿ ಎಂಟು. ಕಂಪನಿಯವರು ಕೈಯಲ್ಲಿದ್ದುದನ್ನು ಹಾಕಿ ನೋಡಿದರು, ಓಡಿತು, ಬರೆದರು, ಮನೆಗೆ ಹೋದರು. ಮುಂದೆ 8 ಜಿ.ಬಿ.ಯ ಪಟ್ಟಿ ಧಾರಾಳವಾಗಿ ಸಿಗತೊಡಗಿದಾಗ ಹಾಳೆ ತಿದ್ದುವ ಉಸಾಬರಿ ಯಾರಿಗೆ ಬೇಕು? ಅಷ್ಟರಲ್ಲಿ ಅವರು ಎಕ್ಸ್230 ಮಾರುತ್ತಿದ್ದರು.

ಇದರಲ್ಲಿ ದೊಡ್ಡ ಪಿತೂರಿ ಇದೆ ಎಂದು ಷಡ್ಡಕರ ವಾದ. ಹಳೆಯದು ಚೆನ್ನಾಗಿ ಓಡಿದರೆ ಹೊಸದನ್ನು ಯಾರು ಕೊಳ್ಳುತ್ತಾರೆ ಎಂಬ ತರ್ಕ. ನನಗೇನೋ ಪಿತೂರಿಗಿಂತ ಜಾಣತನವೇ ಹೆಚ್ಚು ಕಾಣುತ್ತದೆ. ಮದುವೆಗೆ ಅಡುಗೆ ಭಟ್ಟರನ್ನು ಗೊತ್ತು ಮಾಡುವಾಗ ಕೇಳಿ ನೋಡಿ: "ಮುನ್ನೂರು ಎಲೆಗೆ ಮಾತು. ಮುನ್ನೂರ ಒಂದಾದರೆ ನನ್ನನ್ನ ಕೇಳಬೇಡಿ" ಅನ್ನುತ್ತಾರೆ. ಕೊಪ್ಪರಿಗೆಯಲ್ಲಿ ಮುನ್ನೂರೈವತ್ತು ಜನಕ್ಕೆ ಆಗುವಷ್ಟು ಹುಳಿ ಇದೆ ಎಂದು ಅವರಿಗೂ ಗೊತ್ತು, ನಾಲ್ಕು ಮದುವೆ ಮಾಡಿಸಿದ ಯಜಮಾನರಿಗೂ ಗೊತ್ತು. ಆದರೆ ಆ ಮೇಲಿನ ಐವತ್ತರ ಮಾತನ್ನು ಭಟ್ಟರು ಬಾಯಿಬಿಟ್ಟು ಆಡುವುದಿಲ್ಲ. ಆಡಿದರೆ ಅದಕ್ಕೂ ಅವರೇ ಹೊಣೆ. ಹಾಳೆಯ ಮೇಲಿನ ಗರಿಷ್ಠ ಎಂಬ ಅಂಕಿಯೂ ಕಂಪನಿ ಹೊಣೆ ಹೊರುವ ಗಡಿ, ಅಷ್ಟೇ. ಲೆನೊವೊ ಈಚೆಗೆ ಸಣ್ಣಕ್ಷರದಲ್ಲಿ ಇದನ್ನು ಒಪ್ಪಿಕೊಳ್ಳುವ ಟಿಪ್ಪಣಿಯನ್ನೂ ಹಾಕತೊಡಗಿದೆ: ಇದು ನಾವು ಸದ್ಯ ಮಾರುವ ಮೆಮೊರಿಯನ್ನು ಹಾಕಿ ಪರೀಕ್ಷೆ ಮಾಡಿದ ಲೆಕ್ಕ, ತಂತ್ರಜ್ಞಾನ ಬೆಳೆದರೆ ಯಂತ್ರ ಇನ್ನೂ ಹೆಚ್ಚು ಹಿಡಿಸಬಹುದು ಎಂಬ ಅರ್ಥದ್ದು. ಭೂತಗನ್ನಡಿ ಇಟ್ಟುಕೊಂಡು ಓದಿದವರಿಗೆ ಪುಣ್ಯ.

ಆಪಲ್ ಕಂಪನಿಗೆ ಅಂಥ ಟಿಪ್ಪಣಿಯ ಚಟವಿಲ್ಲ. 2011ರ ಮ್ಯಾಕ್‌ಬುಕ್ ಪ್ರೊಗೆ ಅದು ಹೇಳಿದ್ದು 8, ಹಿಡಿದದ್ದು 16. ಅದಕ್ಕೂ ಹಿಂದೆ, 2007ರ ಮ್ಯಾಕ್‌ಬುಕ್ ಪ್ರೊಗೆ ಹೇಳಿದ್ದು 4, ಹಿಡಿದದ್ದು 6. ಹೌದು, ಆರು. ಎಂಟಲ್ಲ. ಒಂದು ಸ್ಲಾಟಿಗೆ ನಾಲ್ಕು, ಇನ್ನೊಂದಕ್ಕೆ ಎರಡು. ಅಮೆರಿಕದಲ್ಲಿ ಅದರ್ ವರ್ಲ್ಡ್ ಕಂಪ್ಯೂಟಿಂಗ್ ಎಂಬ ಒಂದು ಅಂಗಡಿ ಇದೆ. ಆಪಲ್ ಏನು ಹೇಳಿತು ಎಂಬುದನ್ನು ಕೇಳಿಸಿಕೊಂಡು, ಅದು ನಿಜವೇ ಎಂದು ತಾನೇ ಪಟ್ಟಿ ಹಾಕಿ ನೋಡಿ, ತನ್ನದೇ ಇನ್ನೊಂದು ಗರಿಷ್ಠವನ್ನು ಪ್ರಕಟಿಸುವುದು ಅದರ ಹಳೇ ಕಸುಬು. ಯಾವ ಮ್ಯಾಕ್ ಎಷ್ಟು ಹಿಡಿಸುತ್ತದೆ ಎಂದು ತಿಳಿಯಲು ಮ್ಯಾಕ್ ಮಾಡಿದವರನ್ನು ಬಿಟ್ಟು ಮಾರುವವರನ್ನು ಕೇಳುವ ಪದ್ಧತಿ ಹೀಗೆ ಬಂತು.

ಹಾಗಾದರೆ ಲ್ಯಾಪ್‌ಟಾಪ್ ಕಂಪನಿಯನ್ನು ಬಿಟ್ಟು ಇಂಟೆಲ್‌ನ ಮಾತು ಕೇಳಿದರೆ ಸಾಕೇ? ಅಲ್ಲೂ ಭಟ್ಟರೇ. 2018ರ ಥಿಂಕ್‌ಪ್ಯಾಡ್ ಟಿ480 ನೋಡಿ. ಲೆನೊವೊ 32 ಅಂದಿತು. ಒಳಗಿರುವ ಐ5-8250ಯು ಬಗ್ಗೆ ಇಂಟೆಲ್ ಕೂಡ 32 ಅಂದಿತು. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ನಂಬಬೇಕು ತಾನೆ? ಒಂದು ಪಟ್ಟಿಯಲ್ಲೇ 32 ಜಿ.ಬಿ. ಇರುವ ಡಿಡಿಆರ್4 ಅಂಗಡಿಗೆ ಬಂದದ್ದೇ ತಡ, ಜನ ಎರಡೆರಡು ಹಾಕಿ 64 ಮಾಡಿಕೊಂಡರು. ಎನ್100 ಎಂಬ ಬಡವರ ಪ್ರೊಸೆಸರಿಗೆ ಇಂಟೆಲ್ 16 ಜಿ.ಬಿ. ಎಂದು ಗೆರೆ ಎಳೆದಿದೆ, ಅದಕ್ಕೂ ಜನ 32 ಹಾಕಿ ಓಡಿಸುತ್ತಾರೆ. ಎನ್100ಗೆ 32 ಯಾಕೆ ಎಂದು ಮಾತ್ರ ಕೇಳಬೇಡಿ. ಅದು ನಮ್ಮ ಅತ್ತೆಯವರ ಪ್ರಶ್ನೆ.

ಇಷ್ಟು ಓದಿ ನೀವು ಈಗಾಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದರೆ ಸ್ವಲ್ಪ ತಡೆಯಿರಿ. ಕೆಲವು ಗಡಿಗಳನ್ನು ಕಂಪನಿಯ ವಕೀಲರು ಎಳೆದಿರುವುದಿಲ್ಲ, ತಂತಿಗಳೇ ಎಳೆದಿರುತ್ತವೆ. 2006ರ ಸುಮಾರಿನ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ 945 ಎಂಬ ಚಿಪ್‌ಸೆಟ್ ಇರುತ್ತಿತ್ತು. ಥಿಂಕ್‌ಪ್ಯಾಡ್ ಟಿ60, ಎಕ್ಸ್60, ಆ ಕಾಲದ ಬಿಳಿ ಮ್ಯಾಕ್‌ಬುಕ್ ಎಲ್ಲ ಅದೇ ಸಂತಾನ. ಅದು ಮೆಮೊರಿಯ ವಿಳಾಸವನ್ನು ಬರೆಯುವುದು 32 ಬಿಟ್‌ಗಳಲ್ಲಿ. ಪ್ರತಿ ಬಿಟ್ಟಿಗೆ ಸೊನ್ನೆಯೋ ಒಂದೋ ಎಂದರೆ ಒಟ್ಟು ವಿಳಾಸ 4,29,49,67,296. ಅಂದರೆ 4 ಜಿ.ಬಿ. ಅದರಾಚೆಯ ಬೈಟಿಗೆ ವಿಳಾಸವೇ ಇಲ್ಲ, ಹಾಗಾಗಿ ಅದು ಇದ್ದೂ ಇಲ್ಲ. ಇಷ್ಟೇ ಆಗಿದ್ದರೆ 4 ಜಿ.ಬಿ. ಹಾಕಿಕೊಂಡು ಸಮಾಧಾನಪಡಬಹುದಿತ್ತು. ಹಾಕಿ ನೋಡಿದರೆ ಪರದೆಯ ಮೇಲೆ ಕಾಣುವುದು ಮೂರು ಚಿಲ್ಲರೆ. ದುಡ್ಡು ಕೊಟ್ಟದ್ದು ನಾಲ್ಕಕ್ಕೆ!

ಉಳಿದ ಮುಕ್ಕಾಲು ಜಿ.ಬಿ.ಯನ್ನು ಅಂಗಡಿಯವನು ನುಂಗಿಲ್ಲ. ಗ್ರಾಫಿಕ್ಸು, ನೆಟ್‌ವರ್ಕು, ಬಯಾಸ್ ಚಿಪ್ಪು, ಇವುಗಳ ಜೊತೆ ಪ್ರೊಸೆಸರ್ ಮಾತಾಡಬೇಕಾದರೆ ಅವಕ್ಕೂ ವಿಳಾಸ ಬೇಕು. ಆ ವಿಳಾಸಗಳನ್ನು ಮೇಲ್ತುದಿಯಲ್ಲಿ ಮೊದಲೇ ಕಾದಿರಿಸಿರುತ್ತಾರೆ. ನಿಮ್ಮ ರ‍್ಯಾಮಿನ ತುದಿಯ ಭಾಗಕ್ಕೆ ಬರಬೇಕಾಗಿದ್ದ ವಿಳಾಸದಲ್ಲಿ ಆಗಲೇ ಗ್ರಾಫಿಕ್ಸಿನವರು ಇರುತ್ತಾರೆ. ಮುಂದಿನ ಪೀಳಿಗೆಯ ಚಿಪ್‌ಸೆಟ್‌ಗಳು ಹೀಗೆ ಹೊರಬಿದ್ದ ರ‍್ಯಾಮನ್ನು 4 ಜಿ.ಬಿ.ಯ ಮೇಲಿನ ವಿಳಾಸಕ್ಕೆ ಸಾಗಿಸಲು ಕಲಿತವು. 945ಗೆ ಮೇಲೆ ಎಂಬುದೇ ಇಲ್ಲ. 1981ರ ಐಬಿಎಂ ಪಿ.ಸಿ.ಯದೂ ಇದೇ ಕಥೆ: 8088 ಪ್ರೊಸೆಸರಿಗೆ 20 ವಿಳಾಸದ ತಂತಿ, ಒಟ್ಟು 1 ಎಂ.ಬಿ. ಜಾಗ, ಅದರಲ್ಲಿ ಮೇಲಿನ 384 ಕೆ.ಬಿ. ಪರದೆ ಮತ್ತು ಬಯಾಸ್ ಪಾಲು, ಕೆಳಗಿನ 640 ಕೆ.ಬಿ. ಪ್ರಜೆಗಳ ಪಾಲು. 640 ಕೆ.ಬಿ. ಯಾರಿಗಾದರೂ ಸಾಕು ಎಂದು ಬಿಲ್ ಗೇಟ್ಸ್ ಹೇಳಿದ್ದರು ಎಂಬ ಮಾತು ಊರೆಲ್ಲ ಓಡಾಡುತ್ತದೆ. ನಾನು ಹೇಳೇ ಇಲ್ಲ ಎಂದು ಅವರು ಹೇಳುತ್ತಲೇ ಇದ್ದಾರೆ. ಪಾಪ, ಕೇಳುವವರಿಲ್ಲ. ಕಾಲು ಶತಮಾನ ಕಳೆದ ಮೇಲೂ ಮೇಲ್ಮಹಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ಆ ಪದ್ಧತಿ ಹೋಗಿರಲಿಲ್ಲ ನೋಡಿ.

ಮೂರನೆಯದೊಂದು ಗಡಿ ಇದೆ. ಅದಕ್ಕೆ ತಂತಿಯೂ ಕಾರಣವಲ್ಲ, ಭಟ್ಟರ ಜಾಣತನವೂ ಅಲ್ಲ, ಅಪ್ಪಟ ವ್ಯಾಪಾರ. ನಮ್ಮ ದೇಶದವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ವಿಂಡೋಸ್ 7ರಲ್ಲಿ ಹೋಮ್ ಬೇಸಿಕ್ ಎಂಬ ಒಂದು ಬಗೆ ಇತ್ತು. ಅಮೆರಿಕದವರಿಗೆ ಅದನ್ನು ಮಾರುತ್ತಿರಲಿಲ್ಲ, ಭಾರತದಂಥ ಬೆಳೆಯುತ್ತಿರುವ ಮಾರುಕಟ್ಟೆಗಳಿಗೆಂದೇ ಮಾಡಿಸಿದ್ದು. ಅದರ 64 ಬಿಟ್ ಆವೃತ್ತಿಗೂ 8 ಜಿ.ಬಿ.ಯ ಮಿತಿ. ಹೋಮ್ ಪ್ರೀಮಿಯಮ್‌ಗೆ 16, ಪ್ರೊಫೆಷನಲ್‌ಗೆ 192. ಯಂತ್ರ 16 ಹಿಡಿಸುತ್ತದೆ, ಬಯಾಸ್ 16 ಕಂಡು ಕೈಮುಗಿಯುತ್ತದೆ, ವಿಂಡೋಸ್ ಮಾತ್ರ 16 ಇರುವುದನ್ನು ತಾನೇ ಬರೆದು ಪಕ್ಕದಲ್ಲಿ ಬಳಸಬಹುದಾದದ್ದು 8ರೊಳಗೆ ಎಂದು ತೋರಿಸುತ್ತದೆ. ಎಲೆ ತುಂಬ ಬಡಿಸಿ, ಅರ್ಧ ಮಾತ್ರ ಉಣ್ಣಲು ಅಪ್ಪಣೆ. ಪುಟ್ಟ ನೆಟ್‌ಬುಕ್ಕುಗಳ ಕಾಲದಲ್ಲಿ ಇನ್ನೂ ಕಡೆ: ಅವಕ್ಕೆ ವಿಂಡೋಸ್ ಎಕ್ಸ್‌ಪಿ ಅಗ್ಗದಲ್ಲಿ ಬೇಕಾದರೆ ಕಂಪನಿಯವರು 1 ಜಿ.ಬಿ.ಗಿಂತ ಹೆಚ್ಚು ರ‍್ಯಾಮ್ ಹಾಕಿ ಮಾರುವಂತಿಲ್ಲ ಎಂದು ಮೈಕ್ರೋಸಾಫ್ಟ್ ಷರತ್ತು ಹಾಕಿತ್ತು. ಆಮೇಲೆ ಬಂದ ವಿಂಡೋಸ್ 7 ಸ್ಟಾರ್ಟರ್‌ಗೆ 2 ಜಿ.ಬಿ. ಇಲ್ಲಿ ಸ್ಕ್ರೂಡ್ರೈವರಿನಿಂದ ಏನೂ ಆಗದು. ಲಿನಕ್ಸ್ ಹಾಕಿಕೊಂಡು, ಆಮೇಲೆ ಲಿನಕ್ಸಿನ ಬಗ್ಗೆಯೂ ಬಂಧುಗಳಿಗೆ ಹೇಳುತ್ತ ತಿರುಗಬಹುದು. ಷಡ್ಡಕರು ಅದನ್ನೂ ಮಾಡಿದ್ದಾರೆ.

ಇದೆಲ್ಲ ಓದಿ ತಿಳಿಯುವ ವಿದ್ಯೆ. ಅನುಭವದ ವಿದ್ಯೆ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು. ಟೌನ್‌ಹಾಲ್ ಹತ್ತಿರ ಇಳಿದು, ಕೇಬಲ್ಲಿನ ಸುರುಳಿ, ಹಳೇ ಕೀಬೋರ್ಡಿನ ಗುಡ್ಡೆ, ಆಟೋಗಳ ಮಧ್ಯೆ ದಾರಿ ಮಾಡಿಕೊಂಡು ನಡೆದರೆ ಬಾಗಿಲಗಲದ ಅಂಗಡಿಗಳು. ಅಲ್ಲಿನ ಹುಡುಗನಿಗೆ ಹಾಳೆಯಲ್ಲಿ ಏನಿದೆ ಎಂದು ಹೇಳಲು ಹೋದರೆ ಕೇಳಿಸಿಕೊಳ್ಳುವುದೇ ಇಲ್ಲ.

"ಮಾಡೆಲ್ ಹೇಳಿ ಸಾರ್."

ಎಕ್ಸ್240 ಅಂದರೆ, "ಒಂದೇ ಸ್ಲಾಟು, ಎಂಟೇ ಆಗೋದು. ಹದಿನಾರರದ್ದು ಹಾಕಿದ್ರೆ ಎದ್ದೇಳಲ್ಲ."

"ಎಕ್ಸ್220ಗೆ ಹದಿನಾರು ಹಿಡೀತಲ್ಲ? ಇದು ಅದಕ್ಕಿಂತ ಹೊಸದು."

"ಹೊಸದಾದ್ರೇನು ಸಾರ್? ಅದಕ್ಕೆ ಎರಡು ಸ್ಲಾಟು. ಇದಕ್ಕೆ ಒಂದು."

ಇದಕ್ಕಿಂತ ಕಡಿಮೆ ಮಾತಿನಲ್ಲಿ ಯಾವ ಎಂಜಿನಿಯರೂ ಹೇಳಲಾರ. ವಿಷಯವೂ ಅಷ್ಟೇ. 16 ಜಿ.ಬಿ.ಯ ಒಂದೇ ಪಟ್ಟಿ ಮಾಡಲು 8 ಗಿಗಾಬಿಟ್ಟಿನ ಚಿಪ್ಪು ಬೇಕು. ಎಕ್ಸ್240ರ ಪ್ರೊಸೆಸರ್ ಪೀಳಿಗೆಗೆ, ಅಂದರೆ ಹ್ಯಾಸ್‌ವೆಲ್‌ಗೆ, 4 ಗಿಗಾಬಿಟ್ಟಿನ ಚಿಪ್ಪಿನಾಚೆ ಲೆಕ್ಕ ಬರುವುದಿಲ್ಲ. ಇನ್ನೂ ಹಿಂದೆ, 2008ರ ಜಿಎಂ45 ಚಿಪ್‌ಸೆಟ್ಟಿನ ಯಂತ್ರಗಳದು ಇದಕ್ಕಿಂತ ನಾಜೂಕು. 4 ಜಿ.ಬಿ.ಯ ಎರಡು ಡಿಡಿಆರ್3 ಪಟ್ಟಿ ತನ್ನಿ. ಒಂದರ ಮೇಲೆ 2 ಗಿಗಾಬಿಟ್ಟಿನ ಹದಿನಾರು ಚಿಪ್ಪು, ಇನ್ನೊಂದರ ಮೇಲೆ 4 ಗಿಗಾಬಿಟ್ಟಿನ ಎಂಟು ಚಿಪ್ಪು. ಎರಡರ ಮೇಲೂ 4 ಜಿ.ಬಿ. ಎಂದೇ ಬರೆದಿರುತ್ತದೆ. ಮೊದಲನೆಯದು ಓಡುತ್ತದೆ, ಎರಡನೆಯದಕ್ಕೆ ಪರದೆ ಕಪ್ಪು. ಹಾಗಾಗಿ ಬಲ್ಲವರು ಹಳೇ ಯಂತ್ರಕ್ಕೆ ರ‍್ಯಾಮ್ ಕೊಳ್ಳುವಾಗ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ಚಿಪ್ಪು ಎಣಿಸುತ್ತಾರೆ. ನೋಡಿದವರು ಇವನೇನು ಹೀಗೆ ಎಂದುಕೊಳ್ಳಲಿ, ಎಣಿಸಬೇಕು.

ವೋಲ್ಟೇಜು ಬೇರೆ. ಡಿಡಿಆರ್3 ಎಂದರೆ 1.5 ವೋಲ್ಟು, ಡಿಡಿಆರ್3ಎಲ್ ಎಂದರೆ 1.35. ಎರಡಕ್ಕೂ ಅದೇ 204 ಪಿನ್ನು, ಅದೇ ಜಾಗದಲ್ಲಿ ಕಚ್ಚು, ಒಂದರ ಸ್ಲಾಟಿನಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಕೂರುವುದು ಬೇರೆ, ಹೊಂದುವುದು ಬೇರೆ. ಕಡಿಮೆ ವೋಲ್ಟಿನದಕ್ಕೇ ಹುಟ್ಟಿದ ಯಂತ್ರಕ್ಕೆ 1.5ರದ್ದನ್ನು ತುರುಕಿದರೆ ಸಾಮಾನ್ಯವಾಗಿ ಬೀಪ್ ಬೀಪ್ ಎಂದು ಅಳುತ್ತದೆ. ಪಟ್ಟಿಯ ಮೇಲೊಂದು ಪುಟಾಣಿ ಚಿಪ್ಪಿರುತ್ತದೆ, ಎಸ್‌ಪಿಡಿ ಎನ್ನುತ್ತಾರೆ. ನಾನು ಇಷ್ಟು ಜಿ.ಬಿ., ಇಷ್ಟು ವೇಗ, ಇಷ್ಟು ವೋಲ್ಟು ಎಂಬ ಜಾತಕವೆಲ್ಲ ಅದರಲ್ಲಿ ಬರೆದಿರುತ್ತದೆ. ಬಯಾಸ್ ಎದ್ದ ಕೂಡಲೇ ಅದನ್ನು ಓದುತ್ತದೆ. ಓದಿದ್ದು ಅರ್ಥವಾದರೆ ಮುಂದಕ್ಕೆ, ಇಲ್ಲವಾದರೆ ಕಪ್ಪು ಪರದೆ.

ಹೊಸ ರ‍್ಯಾಮ್ ಹಾಕಿ ಗುಂಡಿ ಒತ್ತಿದ ಮೇಲಿನ ಕೆಲವು ಕ್ಷಣಗಳಿವೆಯಲ್ಲ, ಗಡಿ ಮೀರುವವರ ಇಡೀ ಸುಖ ಅಲ್ಲಿದೆ. ಹೊಸ ಯಂತ್ರಗಳು ಹೊಸ ಮೆಮೊರಿ ಕಂಡಾಗ ಅದರ ಜೊತೆ ತಾಳ ಹೊಂದಿಸಿಕೊಳ್ಳಲು ಮೊದಲ ಸಲ ಕೊಂಚ ಹೊತ್ತು ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಗಾಬರಿಯಾಗಿ ಗುಂಡಿ ಒತ್ತಿ ಆರಿಸಿ, ಸತ್ತೇಹೋಯಿತು ಎಂದು ಅತ್ತವರಿದ್ದಾರೆ. ಎದ್ದಿತು ಅನ್ನಿ. ಅಂಕಿ ಕಾಣಿಸಿತು ಅನ್ನಿ. ಆದರೂ ಅಷ್ಟಕ್ಕೇ ಬಂಧುಗಳಿಗೆ ಫೋನ್ ಮಾಡಬಾರದು. ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಹಾಕಿ ರಾತ್ರಿಯಿಡೀ ಬಿಡಬೇಕು. ಅದು ಪ್ರತಿ ಜಾಗದಲ್ಲೂ ಬರೆದು, ಮತ್ತೆ ಓದಿ, ಬರೆದದ್ದೇ ಸಿಕ್ಕಿತೇ ಎಂದು ನೋಡುತ್ತ ಹೋಗುತ್ತದೆ. ಒಂದು ಕೆಂಪು ಸಾಲು ಬಂದರೂ ಆ ಪಟ್ಟಿ ಅಂಗಡಿಗೆ ವಾಪಸು. ರಾತ್ರಿ ಎರಡಕ್ಕೆ ಎದ್ದು ನೀರು ಕುಡಿಯುವ ನೆಪದಲ್ಲಿ ಪರದೆ ಇಣುಕುವುದನ್ನು ಹೆಂಡತಿ ನೋಡಿದರೆ ಏನು ಹೇಳಬೇಕು ಎಂಬುದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಗೆದ್ದ ಮೇಲಿನ ಲಾಭನಷ್ಟವನ್ನೂ ನೋಡೋಣ. ವಿಂಡೋಸ್ 7ರಲ್ಲಿ ಯಂತ್ರವನ್ನು ಹೈಬರ್ನೇಟ್ ಮಾಡಲು ರ‍್ಯಾಮಿನಲ್ಲಿದ್ದುದನ್ನು ಡಿಸ್ಕಿಗೆ ಇಳಿಸಬೇಕು. ಅದಕ್ಕೆಂದು ರ‍್ಯಾಮಿನ ಮುಕ್ಕಾಲು ಪಾಲಿನಷ್ಟು ಜಾಗವನ್ನು ಸಿ ಡ್ರೈವಿನಲ್ಲಿ ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ರ‍್ಯಾಮ್ 16 ಆದರೆ ಡಿಸ್ಕಿನಲ್ಲಿ 12 ಜಿ.ಬಿ. ಹೋಯಿತು. 128ರ ಎಸ್‌ಎಸ್‌ಡಿ ಇಟ್ಟುಕೊಂಡವನು ಮೆಮೊರಿ ಹೆಚ್ಚಿತೆಂದು ನಗುತ್ತಿರುವಾಗಲೇ ಫೋಟೊ ಇಡಲು ಜಾಗವಿಲ್ಲ ಎಂಬ ಸೂಚನೆ ಬರುತ್ತದೆ. ಇನ್ನು ವೇಗ. ಈಗಾಗಲೇ ಸಾಲುತ್ತಿದ್ದ ರ‍್ಯಾಮನ್ನು ದುಪ್ಪಟ್ಟು ಮಾಡಿದರೆ ಯಂತ್ರ ದುಪ್ಪಟ್ಟು ಓಡುವುದಿಲ್ಲ, ಖಾಲಿ ಜಾಗ ಖಾಲಿಯಾಗಿಯೇ ಬಿದ್ದಿರುತ್ತದೆ. ಸಾಲದೆ ಡಿಸ್ಕಿಗೆ ಎಡತಾಕುತ್ತಿದ್ದ ಯಂತ್ರಕ್ಕೆ ಮಾತ್ರ ಮರುಜನ್ಮ. 2007ರ ಮ್ಯಾಕ್‌ಬುಕ್ ಪ್ರೊಗೆ ನಾಲ್ಕರಿಂದ ಆರಕ್ಕೆ ಹೋದದ್ದು ನಿಜವಾದ ಸುಖ, ಆಗ ಅದರಲ್ಲಿದ್ದುದು ತಿರುಗುವ ಹಾರ್ಡ್ ಡಿಸ್ಕು. ಎಕ್ಸ್220ಗೆ ಎಂಟರಿಂದ ಹದಿನಾರಕ್ಕೆ ಹೋದದ್ದೂ ಸಾರ್ಥಕವೇ. ಬ್ರೌಸರಿನಲ್ಲಿ ಐವತ್ತು ಟ್ಯಾಬು ತೆರೆದಿಟ್ಟು, ಆಮೇಲೆ ಓದುತ್ತೇನೆ ಎನ್ನುವ ಸಮಸ್ತ ಕನ್ನಡಿಗರ ಪರವಾಗಿ ಹೇಳುತ್ತಿದ್ದೇನೆ. ಆ ಆಮೇಲೆ ಎಂಬುದು ಬರುವುದಿಲ್ಲ, ಆದರೆ ಟ್ಯಾಬು ಅಲ್ಲೇ ಇದೆ ಎಂಬ ನೆಮ್ಮದಿಗೆ ಬೆಲೆ ಕಟ್ಟಲಾದೀತೇ?

ಈಗಿನ ಲ್ಯಾಪ್‌ಟಾಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ರಕ್ತದೊತ್ತಡ ಏರುತ್ತದೆ. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದರು. ತೆಳ್ಳಗಾಗಬೇಕಲ್ಲ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊಗೂ ಅದೇ ಗತಿ. 2020ರ ಎಂ1 ಬಂದಾಗ ಮೆಮೊರಿ ಪ್ರೊಸೆಸರಿನ ಪಕ್ಕದಲ್ಲೇ, ಒಂದೇ ಪೊಟ್ಟಣದೊಳಗೆ ಹೋಗಿ ಕೂತಿತು. ಅದನ್ನೂ ಬಿಡದೆ 2021ರಲ್ಲಿ ಚೀನಾದ ಕೆಲವು ರಿಪೇರಿಯವರು ಬಿಸಿಗಾಳಿ ಹಿಡಿದು 8 ಜಿ.ಬಿ.ಯ ಚಿಪ್ಪುಗಳನ್ನು ಎಬ್ಬಿಸಿ, 16ರದ್ದನ್ನು ಕೂರಿಸಿ, ಯಂತ್ರ 16 ಎಂದು ಒಪ್ಪಿಕೊಳ್ಳುವಂತೆ ಮಾಡಿದರು. ನಮ್ಮ ಷಡ್ಡಕರು ಆ ಚಿತ್ರಗಳನ್ನು ನೋಡಿ ಒಂದು ದಿನ ಸುಮ್ಮನಿದ್ದರು. ಅವರ ಪಾಲಿಗೆ ಅದು ದೊಡ್ಡ ವ್ರತ. ತೆಳ್ಳಗೂ ಇರಬೇಕು, ಬದಲಿಸುವಂತೆಯೂ ಇರಬೇಕು ಎನ್ನುವವರಿಗೆಂದು ಎಲ್‌ಪಿಕ್ಯಾಮ್2 ಎಂಬ ಹೊಸ ಬಗೆಯ ಪಟ್ಟಿ ಬಂದಿದೆ, ಸ್ಕ್ರೂ ಹಾಕಿ ಕೂರಿಸುವಂಥದ್ದು. 2024ರ ಥಿಂಕ್‌ಪ್ಯಾಡ್ ಪಿ1ರಲ್ಲಿ ಅದಿದೆ. ಗರಿಷ್ಠ 64 ಜಿ.ಬಿ. ಎಂದು ಬರೆದಿದ್ದಾರೆ. ಬರೆದುಕೊಳ್ಳಲಿ.

ನನ್ನದೂ ಒಂದು ಟಿ480 ಇದೆ. ಒಳಗೆ 16 ಜಿ.ಬಿ., ಎರಡು ಸ್ಲಾಟಿಗೂ ಎಂಟೆಂಟು. ಹಾಳೆ 32 ಎನ್ನುತ್ತದೆ, ಲೋಕ 64 ಎನ್ನುತ್ತದೆ. ಲೋಕದ ಕಡೆಗೇ ಇರೋಣವೆಂದು ಎಸ್.ಪಿ. ರೋಡಿಗೆ ಹೋದೆ. ಹೋದ ಹೊತ್ತು ಸರಿಯಿರಲಿಲ್ಲ. 2025ರ ಕೊನೆಗೆ ಚಿಪ್ ಕಾರ್ಖಾನೆಗಳೆಲ್ಲ ಎಐ ಸರ್ವರುಗಳಿಗೆ ಮೆಮೊರಿ ಒದಗಿಸುವ ಕಡೆಗೆ ಹೊರಳಿ, ನಮ್ಮನಿಮ್ಮ ಪಟ್ಟಿಗಳ ಬೆಲೆ ಗಗನಕ್ಕೇರಿತ್ತು. ಮೈಕ್ರಾನ್ ಕಂಪನಿಯಂತೂ ಡಿಸೆಂಬರಿನಲ್ಲಿ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿಬಿಟ್ಟಿತು. ಹುಡುಗನಿಗೆ 32ರದ್ದು ಎರಡು ಬೇಕು ಅಂದೆ. ಅವನು ಹೇಳಿದ ರೇಟಿಗೆ ಅಂಥದೇ ಇನ್ನೊಂದು ಲ್ಯಾಪ್‌ಟಾಪು ಬಂದೀತೇನೋ ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಅವನು ಲೆಕ್ಕ ಹಾಕುತ್ತಿದ್ದುದು ಬೇರೆ.

"ಸಾರ್, ಒಳಗೆ ಈಗ ಏನಿದೆ?"

"ಎಂಟೆಂಟು. ಡಿಡಿಆರ್4."

"ಕೊಡ್ತೀರಾ?"